ಹಾಲಮ್ಮನ ಪದ ಮತ್ತು ನನ್ನ ಮೂರ್ಛೆರೋಗ

ನಾನು ಒಂದು ಕಂಪ್ಯೂಟರ್. ದೊಡ್ಡ ಕಂಪನಿಯ ಹೆಸರು ಹೊತ್ತು, ಥರ್ಮಕೋಲ್ ಹೊದ್ದು ಬಂದವನಲ್ಲ. ದಾವಣಗೆರೆಯ ಒಂದು ಮಹಡಿ ಅಂಗಡಿಯಲ್ಲಿ ಒಬ್ಬರು ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು, ಒಂದೊಂದೇ ಭಾಗ ಜೋಡಿಸಿ ನನ್ನನ್ನು ಮಾಡಿದರು. ಕೊನೆಗೆ ಗುಂಡಿ ಒತ್ತಿದಾಗ ನನ್ನ ಫ್ಯಾನು ಗುಂಯ್ ಎಂದಿತು. ಅದೇ ನನ್ನ ಮೊದಲ ಉಸಿರು!

ಮೊದಲು ಸೇರಿದ್ದು ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿಗೆ. ಕನ್ನಡದ ಒತ್ತಕ್ಷರಗಳನ್ನೆಲ್ಲ ಕಲಿತದ್ದು ಅಲ್ಲಿಯೇ. ಎಷ್ಟು ಜನರ ಮದುವೆ ಮಾಡಿಸಿದೆನೋ! ಪ್ರೆಸ್ಸಿನವರು ಹೊಸ ಯಂತ್ರ ತಂದ ಮೇಲೆ ನನ್ನನ್ನು ಪರಿಚಯದ ಪಂಚಾಕ್ಷರಿಯವರಿಗೆ ಮಾರಿದರು. ಅವರು ಜವಳಿ ಅಂಗಡಿಯಲ್ಲಿ ಗುಮಾಸ್ತರು. ನನ್ನನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಮಂಡಿಗಳ ನಡುವೆ ಇಟ್ಟುಕೊಂಡು ಮನೆಗೆ ತಂದರು. ಮಹಡಿಯ ಮೇಲೆ ಅವರ ಮನೆ. ಕೆಳಗೆ ಹೋಟೆಲುಗಳಿಗೆ ದೋಸೆಹಿಟ್ಟು ರುಬ್ಬಿಕೊಡುವ ಚಮನ್‌ಸಾಬರ ಅಂಗಡಿ.

ನನಗೆ ಮೇಜಿನ ಕೆಳಗೆ ಜಾಗ ಸಿಕ್ಕಿತು. ಹಾಗಾಗಿ ಆ ಮನೆಯವರನ್ನು ನಾನು ಮೊದಲು ಗುರುತು ಹಿಡಿದದ್ದು ಪಾದಗಳಿಂದ. ಪಂಚಾಕ್ಷರಿಯವರದು ಅವಸರದ ಪಾದ. ಅವರ ತಾಯಿ ಹಾಲಮ್ಮನದು ಬಿರುಕು ಬಿಟ್ಟ ಹಿಮ್ಮಡಿಯ, ಭದ್ರವಾದ ಪಾದ. ಪಂಚಾಕ್ಷರಿಯವರ ಹೆಂಡತಿ ಗಂಗಾಂಬಿಕೆಯದು ಸುಮ್ಮನಿರಲು ತಿಳಿಯದ ಪಾದ. ಖುಷಿಯಾದರೆ ಕಾಲುಂಗುರ ನನಗೆ ತಾಗಿ ಟಣ್ ಎನ್ನುತ್ತಿತ್ತು.

ನನ್ನ ನಿಜವಾದ ಒಡತಿ ಗಂಗಾಂಬಿಕೆಯೇ. ಅಡುಗೆ ಮುಗಿಸಿ ಬಂದು ಬ್ಲಾಗ್ ಬರೆಯುತ್ತಿದ್ದಳು. ಅದರ ಹೆಸರು 'ಮಧ್ಯಾಹ್ನದ ಮಾತು'. ನಲ್ಲಿಯಲ್ಲಿ ನೀರು ಬಾರದ ಗೋಳು, ಹುರಿಗಡಲೆ ಚಟ್ನಿ, ಪಕ್ಕದ ಮನೆಯ ಮದುವೆ, ಎಲ್ಲವೂ ಅದರಲ್ಲಿ ಇರುತ್ತಿತ್ತು. ಓದುವವರು ಬೆರಳೆಣಿಕೆ. ಒಂದು ದಿನ ಅತ್ತೆ ಅಕ್ಕಿ ಆರಿಸುತ್ತ ಹಾಡಿಕೊಳ್ಳುತ್ತಿದ್ದ ಬೀಸುಕಲ್ಲಿನ ಪದವನ್ನು ಮೈಕಿನಲ್ಲಿ ಹಿಡಿದು ಬ್ಲಾಗಿಗೆ ಏರಿಸಿದಳು. ಅಬ್ಬಾ! ಹರಿಹರದಿಂದ, ಹರಪನಹಳ್ಳಿಯಿಂದ, ಮುಂಬಯಿಯಿಂದ ಕೂಡ ಪ್ರತಿಕ್ರಿಯೆಗಳು ಬಂದವು. "ಇನ್ನೊಂದು ಪದ ಹಾಕ್ರಿ ತಾಯಿ!"

ಆ ಸಂಭ್ರಮದ ನಡುವೆಯೇ ಹಾಲಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಹಾಲಮ್ಮ ಅಳಲಿಲ್ಲ. ನನ್ನ ಮುಂದೆ ಬಂದು ಕೂತಳು.

"ಗಂಗಾ, ಹಚ್ಚು ಅದನ್ನ. ನನ್ನ ಹೊಟ್ಟೆಯಾಗಿರೋ ಪದ ಎಲ್ಲಾ ಹಾಡಿಬಿಡ್ತೀನಿ. ಆಮೇಲೆ ಅವರು ಏನ್ ಬೇಕಾದ್ರೂ ಕೊಯ್ಕಳ್ಲಿ."

ಎಷ್ಟೋ ಮಧ್ಯಾಹ್ನ ಹಾಡಿದಳು. ಕೆಮ್ಮುತ್ತ, ನೀರು ಕುಡಿಯುತ್ತ, ನಡುನಡುವೆ ನಗುತ್ತ ಹಾಡಿದಳು. ಆ ಪದಗಳೆಲ್ಲ ನನ್ನ ಹಾರ್ಡ್‌ಡಿಸ್ಕಿಗೆ ಬಂದು ಸೇರಿದವು. ಆಪರೇಷನ್ ಆಯಿತು. ಹಾಲಮ್ಮ ಬದುಕಿ ಬಂದಳು, ಬಾಯಿ ಮಾತ್ರ ಮೌನವಾಯಿತು.

ಆಗಲೇ ಶುರುವಾಯಿತು ನನ್ನ ಮೂರ್ಛೆರೋಗ. ಚೆನ್ನಾಗಿ ಓಡುತ್ತಿರುವಾಗಲೇ ಧಪ್ಪನೆ ಕಣ್ಣು ಕತ್ತಲಾಗುತ್ತಿತ್ತು. ಪದಗಳನ್ನು ಪೆನ್‌ಡ್ರೈವಿಗೆ ಇಳಿಸಲು ಹೋದರೆ ಅರ್ಧಕ್ಕೇ ಆರಿಹೋಗುತ್ತಿದ್ದೆ. ಬಿದ್ದು ಬಿದ್ದು ನನ್ನ ಹಾರ್ಡ್‌ಡಿಸ್ಕ್ ಕಟ್ ಕಟ್ ಎಂದು ನರಳತೊಡಗಿತು. ಅದು ಕೆಟ್ಟರೆ, ಬ್ಲಾಗಿಗೆ ಏರಿದ್ದ ಆ ಒಂದು ಪದ ಬಿಟ್ಟು, ಹಾಲಮ್ಮನ ದನಿ ಈ ಲೋಕದಲ್ಲಿ ಎಲ್ಲಿಯೂ ಇರುವುದಿಲ್ಲ! ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ನಾನು ದಿನವಿಡೀ ಗಟ್ಟಿಯಾಗಿ ಓಡಿದೆ. "ಏನೂ ಆಗಿಲ್ಲ" ಎಂದು ವಾಪಸ್ ಕಳಿಸಿದರು. ಮನೆಗೆ ಬಂದೊಡನೆ ಮತ್ತೆ ಧಪ್!

"ಈ ಡಬ್ಬಿ ಮುಟ್ಟಬ್ಯಾಡ ಇನ್ನ. ಇದ್ದಿದ್ದೂ ಹೋದೀತು" ಎಂದರು ಪಂಚಾಕ್ಷರಿ.

"ಮುಟ್ಟದಿದ್ರೆ ಪದ ಹೊರಗ್ ಬರ್ತಾವೇನ್ರಿ?" ಎಂದಳು ಗಂಗಾಂಬಿಕೆ.

ಅವಳು ನನ್ನ ಕಾಯಿಲೆಯನ್ನೇ ಫೋನಿನಿಂದ ಬ್ಲಾಗಿಗೆ ಬರೆದಳು. ಓದುಗರೆಲ್ಲ ವೈದ್ಯರಾದರು! ಒಬ್ಬರು ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಎಂದರು, ಉಜ್ಜಿದಳು. ನನಗೆ ಕಚಗುಳಿಯಾಯಿತು, ಕಾಯಿಲೆ ಹೋಗಲಿಲ್ಲ. ಇನ್ನೊಬ್ಬರು ಧೂಳು ಎಂದರು. ನನ್ನ ಪಕ್ಕದ ಬಾಗಿಲು ತೆರೆದು ಬ್ರಷ್ ಆಡಿಸಿದಾಗ ಹಲ್ಲಿಯ ಮೊಟ್ಟೆಯ ಸಿಪ್ಪೆ ಸಿಕ್ಕಿತೇ ಹೊರತು ಗುಣವಾಗಲಿಲ್ಲ. ಕೊನೆಗೆ ಹುಬ್ಬಳ್ಳಿಯ ಒಬ್ಬ ಓದುಗರು ಬರೆದರು: "ಅಕ್ಕಾರ, ಅಂಗಡ್ಯಾಗ ಛಲೋ ಇತ್ತಂದ್ರ ರೋಗ ಕಂಪ್ಯೂಟರಿಂದಲ್ಲ, ಮನೀದು. ಬಂದ್ ಆಗೂ ಹೊತ್ತಿಗೆ ಸುತ್ತಮುತ್ತ ಏನ್ ನಡದಿರತೈತಿ ನೋಡ್ರಿ."

ಮರುದಿನ ನನ್ನನ್ನು ಹಚ್ಚಿ ಗಂಗಾಂಬಿಕೆ ಕಾದು ಕೂತಳು. ಹಾಲಮ್ಮ ಪಕ್ಕದಲ್ಲಿ ನೆಲದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಧಪ್ಪನೆ ಆರಿದೆ. ಅದೇ ಗಳಿಗೆಗೆ ಹಾಲಮ್ಮ ಚಮಚದಿಂದ ತಟ್ಟೆಯನ್ನು ಟಣ ಟಣ ಬಡಿದಳು.

"ಏನತ್ತೆ, ನೀರು ಬೇಕಾ?"

ಹಾಲಮ್ಮ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಸೊಸೆಯ ಕೈ ಎಳೆದು, ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಳು. ನೆಲ ಸಣ್ಣಗೆ ನಡುಗುತ್ತಿತ್ತು. ಕೆಳಗೆ ಚಮನ್‌ಸಾಬರ ಗ್ರೈಂಡರ್ ಆಗಷ್ಟೇ ಶುರುವಾಗಿತ್ತು!

ಗಂಗಾಂಬಿಕೆ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು. ಮುಂದೆ ನಡೆದ ಪರೀಕ್ಷೆಯನ್ನು ಏನೆಂದು ಹೇಳಲಿ! ಕೆಳಗೆ ಚಮನ್‌ಸಾಬರು, ಮೆಟ್ಟಿಲ ಮೇಲೆ ಪಂಚಾಕ್ಷರಿ, ನನ್ನ ಮುಂದೆ ಅತ್ತೆ ಸೊಸೆ.

"ಸಾಬ್ರೆ, ಹಚ್ರಿ!"

"ಹಚ್ಚಿದೆ ಅಕ್ಕಾರೆ!"

"ಹೋತು! ಹೋತು!" ಎಂದು ಗಂಗಾಂಬಿಕೆ ಕುಣಿದಳು. ನಾನು ಮೂರ್ಛೆ ಹೋದದ್ದಕ್ಕೆ ಯಾರಾದರೂ ಅಷ್ಟು ಹಿಗ್ಗಿದ್ದು ಅದೇ ಮೊದಲು.

ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಮನೆಗೂ ಅಂಗಡಿಗೂ ಒಂದೇ ಹಳೆಯ ಲೈನು, ಮೇಲಾಗಿ ಒಂದು ತಂತಿ ಈಚೆಗೆ ಸಡಿಲಾಗಿತ್ತು. ಗ್ರೈಂಡರ್ ಎದ್ದಾಗಲೆಲ್ಲ ನನಗೆ ಕರೆಂಟು ಸಾಲುತ್ತಿರಲಿಲ್ಲ. ಹೊಸ ತಂತಿ ಎಳೆಯಲು ಎರಡು ದಿನ ಬೇಕೆಂದ. ನನ್ನ ಹಾರ್ಡ್‌ಡಿಸ್ಕಿನ ನರಳಾಟ ಕೇಳಿದರೆ ಎರಡು ದಿನ ಕಾಯುವ, ಇಲ್ಲವೇ ಮತ್ತೆ ರಿಪೇರಿ ಅಂಗಡಿಗೆ ಹೊತ್ತೊಯ್ಯುವ ಧೈರ್ಯ ಯಾರಿಗಿದ್ದೀತು? ಕೆಳಗೆ ಅಕ್ಕಿ ನೆನೆದು ಕೂತಿತ್ತು, ಹೋಟೆಲಿನವರು ಫೋನು ಮಾಡುತ್ತಿದ್ದರು. ಚಮನ್‌ಸಾಬರು ಗ್ರೈಂಡರಿನ ಪ್ಲಗ್ಗನ್ನೇ ಕಿತ್ತು ಹೆಗಲ ಮೇಲೆ ಹಾಕಿಕೊಂಡರು.

"ಹಿಟ್ಟು ತಡ ಆದ್ರೆ ದೋಸೆ ಓಡಿ ಹೋಗಲ್ಲ ಅಕ್ಕಾರೆ. ಅಮ್ಮಾರ ಪದ ಹೋದ್ರೆ ತಿರುಗಿ ಬರ್ತಾವೇನು? ಇಳಿಸ್ಕಳ್ರಿ ನೀವು."

ಆ ಮಧ್ಯಾಹ್ನ ನಾನು ಪಟ್ಟ ಪಾಡು! ಒಂದೊಂದೇ ಪದ ಹೊರಗೆ ಹೋಗುತ್ತಿತ್ತು. ಕಟ್ ಕಟ್ ಎಂದು ಡಿಸ್ಕು ನಿಂತಾಗ ಎಲ್ಲರ ಉಸಿರೂ ನಿಲ್ಲುತ್ತಿತ್ತು. ಹಾಲಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದಳು, ಹೆರಿಗೆ ನೋವಿನವಳ ಬೆನ್ನು ನೀವುವ ಹಾಗೆ. ಇನ್ನೊಂದು, ಇನ್ನೊಂದು ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಯ ಪದವೂ ದಾಟಿತು! ಗಂಗಾಂಬಿಕೆ ಅತ್ತೆಯನ್ನು ಅಪ್ಪಿಕೊಂಡಳು. ಕೆಳಗೆ ಗ್ರೈಂಡರ್ ಗರಗರ ಎದ್ದಿತು, ನಾನು ನೆಮ್ಮದಿಯಾಗಿ ಕಣ್ಣು ಮುಚ್ಚಿದೆ.

ತಂತಿ ಸರಿಹೋಯಿತು, ನನಗೆ ಹೊಸ ಡಿಸ್ಕೂ ಬಂತು. ದಿನಕ್ಕೊಂದರಂತೆ ಪದಗಳು ಬ್ಲಾಗಿಗೆ ಏರಿದವು. ಒಂದು ಪದ ಹೀಗಿತ್ತು:

ಕಲ್ಲಿಗೆ ಕಣ್ಣಿಲ್ಲ, ಕಾಳಿಗೆ ಬಾಯಿಲ್ಲ
ಎಲ್ಲಾನು ಬಲ್ಲ ನನ ತಂಗಿ, ಬೀಸಿದರ
ಬಳ್ಳ ತುಂಬ್ಯಾವ ಹಸನಾಗಿ

ಅದಕ್ಕೆ ಹರಪನಹಳ್ಳಿಯ ಸಿದ್ದವ್ವ ಎಂಬ ಅಜ್ಜಿ ಮೊಮ್ಮಗಳ ಕೈಲಿ ಬರೆಸಿದ್ದಳು: "ಪದ ಚಲೋ ಐತಿ. ಆದ್ರ ಅದು ಬಳ್ಳ ಅಲ್ಲ, ಬಳೆ. ನಿಮ್ಮವರು ತಪ್ಪು ಹಾಡ್ಯಾರ."

ಗಂಗಾಂಬಿಕೆ ಅದನ್ನು ಓದಿ ಹೇಳಿದ್ದೇ ತಡ, ಕಾಳು ಅಳೆಯುವ ಬಳ್ಳವನ್ನು ಕೈಯ ಬಳೆ ಮಾಡಿದ್ದಕ್ಕೆ ಹಾಲಮ್ಮನ ಮುಖ ಕೆಂಪೇರಿತು. ಕೈಸನ್ನೆ ಮಾಡಿದಳು, ಯಾರಿಗೂ ತಿಳಿಯಲಿಲ್ಲ. ಸೊಸೆಯನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ನಾಲ್ಕನೆಯ ಇಯತ್ತೆ ಓದಿದ ಬೆರಳು ಒಂದೊಂದೇ ಅಕ್ಷರ ಹುಡುಕಿ, ಮೊಳೆ ಹೊಡೆದಂತೆ ಒತ್ತಿತು. ಪರದೆಯ ಮೇಲೆ ಮೂಡಿತು:

"ತಪ್ಪು ನಿನ್ನದು. ಬಳೆ ತುಂಬತೈತೇನ? ಬಳ್ಳ ತುಂಬತೈತಿ."

ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಹಾಲಮ್ಮ ಬಯ್ದಿದ್ದಳು! ಪಂಚಾಕ್ಷರಿ ನಗುತ್ತಲೇ ಕಣ್ಣೊರೆಸಿಕೊಂಡರು. ಅಂದಿನಿಂದ ಮಧ್ಯಾಹ್ನದ ಮೊದಲ ಪಾಳಿ ಹಾಲಮ್ಮನದೇ ಆಯಿತು. ಸಿದ್ದವ್ವನೊಡನೆ ಜಗಳ, ಮಗನಿಗೆ ಸಂತೆಯ ಚೀಟಿ, ಸೊಸೆಯ ಸಾರಿಗೆ ಉಪ್ಪು ಕಡಿಮೆಯೆಂಬ ದೂರು, ಎಲ್ಲವೂ ನನ್ನ ಮೂಲಕವೇ.

ಈಗ ನನಗೆ ಮುಪ್ಪು. ಎದ್ದು ಕಣ್ಣು ಬಿಡುವಷ್ಟರಲ್ಲಿ ಚಹ ಕುದಿದು ಆರುತ್ತದೆ. ಮೇಜಿನ ಮೇಲೆ ತೆಳ್ಳಗಿನ ಹೊಸ ಲ್ಯಾಪ್‌ಟಾಪ್ ಬಂದಿದೆ. ನಾನು ಅಟ್ಟದ ಕೆಳಗಿನ ಮೂಲೆಯಲ್ಲಿ ಹಳೇ ದಿಂಬುಗಳ ಜೊತೆಗಿದ್ದೇನೆ. ನನಗಾಗಿ ಯಾರೂ ಅಳುವುದು ಬೇಡ. ಕೊಟ್ಟದ್ದನ್ನು ಕಾಪಾಡಿ, ಕೇಳಿದಾಗ ತಿರುಗಿ ಕೊಟ್ಟೆ. ಯಂತ್ರದ ಬಾಳಿಗೆ ಅದಕ್ಕಿಂತ ಇನ್ನೇನು ಬೇಕು?

ತಾಳಿ, ಒಳಗಿನ ಕೋಣೆಯಲ್ಲಿ ಕೀಲಿಗಳ ಸದ್ದು ಕೇಳುತ್ತಿದೆ. ಬಲವಾಗಿ, ಸಿಟ್ಟಿನಿಂದ ಕುಟ್ಟುತ್ತಿದ್ದಾಳೆ ಹಾಲಮ್ಮ. ಇವತ್ತು ಸಿದ್ದವ್ವ ಮತ್ತೇನೋ ಅಂದಿರಬೇಕು!