ನಡುಗಡ್ಡೆಗೊಂದು ಸುಣ್ಣದ ಬಕೇಟು

ಸಂತಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾಗಸೇನ ಮಾಸ್ತರರಿಗೆ ಔರಾದ ತಾಲೂಕಿನಲ್ಲೆಲ್ಲ ಒಳ್ಳೆಯ ಹೆಸರಿತ್ತು. ಬೀದರಿನ ಪಕ್ಷಿಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಒಂದು ತಿಂಗಳಿಂದ ಅದು ಕೆಟ್ಟಿತ್ತು. ಭಾಲ್ಕಿ ಕಡೆಯ ಹಿನ್ನೀರಿನಲ್ಲಿ ಸ್ಕಿಮ್ಮರ್ ಕಂಡೆನೆಂದು ಅವರೊಂದು ಮಸುಕು ಫೋಟೊ ಹಾಕಿದ್ದರು. ಕೊಕ್ಕಿನ ಕೆಳಗಿನ ತುಂಡು ಮೇಲಿನದಕ್ಕಿಂತ ಉದ್ದವಿರುವ, ದೇಶದಲ್ಲೇ ಅಪರೂಪದ ಹಕ್ಕಿ ಅದು. ಗುಂಪಿನ ಹಿರಿಯ ಅಮಿತಕುಮಾರ ಬರೆದ: "ಮಾಸ್ತರ್, ಇದು ಬರೀ ಟಿಟ್ಟಿಭ ಅದರಿ, ಕೆರಿಗೆ ಹತ್ತು ಸಿಗ್ತಾವ. ಸಾಲ್ಯಾಗೂ ಹಿಂಗೇ ಕಲಸ್ತೀರೇನು?" ಹದಿನೇಳು ಜನ ನಗುವ ಮುಖ ಒತ್ತಿದರು. ಅವರಲ್ಲಿಬ್ಬರು ಮಾಸ್ತರರ ಹಳೆಯ ವಿದ್ಯಾರ್ಥಿಗಳು.

ಹೋದ ಮಾನ ತರಲು ಏಪ್ರಿಲ್‌ನ ಒಂದು ರವಿವಾರ ಬೆಳಿಗ್ಗೆ ಅವರು ಮತ್ತೆ ಅದೇ ಹಿನ್ನೀರಿಗೆ ಹೊರಟರು. ಹಕ್ಕಿಯ ಕಣ್ಣಿಗೆ ಬೀಳಬಾರದೆಂದು ಮಣ್ಣು ಬಣ್ಣದ ಅಂಗಿ, ಮಣ್ಣು ಬಣ್ಣದ ಟೋಪಿ. ಹೆಗಲಿಗೆ ಮೊಳದುದ್ದದ ಲೆನ್ಸು. ದಂಡೆಗೆ ಬಂದರೆ ಮೀನುಗಾರ ಅಮೀರ ಪಾಶಾನ ದೋಣಿಯಲ್ಲಿ ಅವನ ತಾಯಿ ಮುನವ್ವರ ಬೇಗಂ ಆಗಲೇ ಕೂತಿದ್ದರು, ಕಾಲ ಬಳಿ ಬೆಳ್ಳನೆಯ ಸುಣ್ಣದ ಬಕೇಟು ಇಟ್ಟುಕೊಂಡು.

"ನಾ ಒಬ್ಬನೇ ಹೋಗೂದು ಅಂದಿದ್ನಲ್ಲೋ ಪಾಶಾ?"

"ಅಂದಿದ್ರಿ. ಅದನ್ನ ಅಮ್ಮೀಗಿ ನೀವೇ ಹೇಳ್ರಿ ನೋಡೋಣು."

ಮಾಸ್ತರರು ಬಕೇಟು ದಾಟಿ ದೋಣಿಯ ಇನ್ನೊಂದು ತುದಿಗೆ ಕೂತರು.

ಅವರು ಹೊರಟಿದ್ದ ನಡುಗಡ್ಡೆ ಎಂಬುದು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರೊಂದರ ದಿಬ್ಬ, ಬೇಸಿಗೆಯಲ್ಲಿ ನೀರಿಳಿದಾಗ ಮಾತ್ರ ಮೇಲೇಳುತ್ತದೆ. ಮೇಲೆ ಗೋರಿಗಳಿವೆ. ಬೇರೆಯವರು ಸತ್ತವರನ್ನು ನೆನೆಯುವ ಶಬ್-ಎ-ಬರಾತ್‌ಗೆ ಮುಂಚೆ ಗೋರಿಗೆ ಸುಣ್ಣ ಬಳಿದರೆ, ಈ ಊರಿನವರದು ಆಗ ನೀರಿನಡಿ ಇರುತ್ತದೆ. "ನಮ್ಮ ಅಬ್ಬಾ ನೀರಿಂದ ಎದ್ದ ಮ್ಯಾಲೇ ನಮಗ ಬರಾತ್, ಬೇಟಾ," ಎಂದರು ಬೇಗಂ.

ದೋಣಿ ದಿಬ್ಬಕ್ಕೆ ತಾಗುತ್ತಲೇ ಆ ಅಬ್ಬಾನ ಗೋರಿಯ ಬಳಿಯಿಂದ ಕಪ್ಪು-ಬಿಳಿ ಹಕ್ಕಿಯೊಂದು ಎದ್ದಿತು. ಕಿತ್ತಳೆ ಕೊಕ್ಕು, ಕೆಳಗಿನ ತುಂಡು ಉದ್ದ. ಮಾಸ್ತರರು ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಅದು ನೀರಿನಾಚೆ ಚುಕ್ಕೆಯಾಗಿತ್ತು. ತಲೆಗಲ್ಲಿನಿಂದ ಗೇಣು ದೂರದ ಮರಳಿನಲ್ಲಿ ಮೂರು ಮೊಟ್ಟೆಗಳಿದ್ದವು.

ಬೇಗಂ ಬ್ರಶ್ಶು ಅದ್ದಿದರು. ಬಿಸಿಲೇರುತ್ತಿದೆ, ಸುಣ್ಣ ಬಳಿದು ಮುಗಿಯುವಷ್ಟರಲ್ಲಿ ಮೊಟ್ಟೆ ಬೇಯುತ್ತವೆ, ಹಕ್ಕಿ ಬಾರದು. ಆದರೆ ಬಳಿಯಬೇಡಿ ಎನ್ನುವುದು ಹೇಗೆ? ಅವರದು ಅಪ್ಪನ ಗೋರಿ, ತನ್ನದು ಬರೀ ಒಂದು ಜಗಳ.

"ಖಾಲಾ, ಅಲ್ಲಿ ತತ್ತಿ ಅವರಿ," ಎಂದಷ್ಟೇ ಅಂದರು.

ಬೇಗಂ ಬಗ್ಗಿ ನೋಡಿದರು. ಬ್ರಶ್ಶು ಬಕೇಟಿಗೆ ಮರಳಿತು.

"ಬಾಣಂತಿ ಕೋಣ್ಯಾಗ ಯಾರರ ಚೂನಾ ಹೊಡಿತಾರೇನು? ಹಕ್ಕಿ ಹೇತು ಹೇತು ಕಲ್ಲು ಬೆಳ್ಳಗ ಮಾಡ್ಯಾವ, ಈ ವರ್ಷಕ್ಕ ಸಾಕು. ಒಂದು ಫೋಟೊ ಹೊಡಿ ಬೇಟಾ. ಬೀದರದಾಗ ನಮ್ಮ ತಂಗಿ ಅಜೀಜಾ ಮಂಚ ಹಿಡದಾಳ, ನೋಡ್ಲಿ."

"ಇಷ್ಟು ಹತ್ತಿರದ್ದು ಈ ಲೆನ್ಸಿಗಿ ಕಾಣಂಗಿಲ್ರಿ."

"ಯವ್ವಾ! ಇಷ್ಟುದ್ದ ಅದ, ಮುಂದಿಂದೇ ಕಾಣಂಗಿಲ್ಲ?"

ಮೂವರೂ ದೋಣಿಗೆ ಮರಳಿ ದೂರ ಸರಿದರು. ಹಕ್ಕಿ ತಲೆಗಲ್ಲಿನ ಮುಂದೆ ಬಂದಿಳಿದು ಮೊಟ್ಟೆಯ ಮೇಲೆ ಕೂತಿತು. ಮಾಸ್ತರರು ಒತ್ತಿದರು.

ಭಾಲ್ಕಿ ಬಸ್ ನಿಲ್ದಾಣದಲ್ಲಿ ಚಹಾ ಆರುತ್ತಿದ್ದರೂ ಅವರು ಆ ಚಿತ್ರ ನೋಡುತ್ತಲೇ ಇದ್ದರು. ಕೊಕ್ಕು ಅಲಗಿನಷ್ಟು ಸ್ಪಷ್ಟ. ಅದರ ಹಿಂದೆಯೇ ತಲೆಗಲ್ಲಿನ ಉರ್ದು ಅಕ್ಷರದಲ್ಲಿ ಅಬ್ದುಲ ಮಜೀದ ಎಂಬ ಅಬ್ಬಾನ ಹೆಸರು, ಊರಿನ ಹೆಸರು, ಅಷ್ಟೇ ಸ್ಪಷ್ಟ. ಬೀದರಿನಲ್ಲಿ ಉರ್ದು ಓದುವವರಿಗೆ ಬರವಿಲ್ಲ. ಗುಂಪಿಗೆ ಹಾಕಿದರೆ ಮುಂದಿನ ರವಿವಾರ ಆ ಗೋರಿಯ ಸುತ್ತ ಹದಿನೇಳು ಲೆನ್ಸು. ಹೆಸರು ಕತ್ತರಿಸಿದರೆ ಕೊಕ್ಕೂ ಹೋಗುತ್ತದೆ. ಅಕ್ಷರ ಅಳಿಸಿದರೆ, ಕೊಕ್ಕನ್ನೂ ತಿದ್ದಿದ್ದಾರೆ ಎನ್ನುವವನೇ ಅಮಿತಕುಮಾರ.

ಬಸ್ಸು ಬಂತು. ಮಾಸ್ತರರು ನಿಂತುಕೊಂಡೇ ಗುಂಪಿನಲ್ಲಿ ಅಮಿತಕುಮಾರನಿಗೆ ಟೈಪಿಸಿದರು: "ನೀವಂದದ್ದೇ ಖರೆ ಅದರಿ. ಟಿಟ್ಟಿಭ." ಬೀದರ ಮುಟ್ಟುವುದರೊಳಗೆ ಇಪ್ಪತ್ತೆರಡು ಹೆಬ್ಬೆಟ್ಟು ಬಿದ್ದಿದ್ದವು.

ಚಿತ್ರಕ್ಕೆ ಕಟ್ಟು ಹಾಕಿಸಿ ಅಜೀಜಾ ಬೇಗಂ ಅವರ ಮಂಚದ ಎದುರು ತೂಗುಹಾಕಲಾಗಿದೆ. ಅವರು ಅಕ್ಕನಿಗೆ ಹೇಳಿದರಂತೆ: "ಚೂನಾ ಛಲೋ ಹೊಡದೀ ಆಪಾ. ಆ ಹಕ್ಕೀನ ಒಂದೀಟು ಬಾಜೂಕ ಸರಸಬೇಕಿತ್ತು."