ಮಡಕೆಗೆ ಒಪ್ಪುವ ಮಣ್ಣು, ಮನೆಗೆ?

ಕಿಸುಮು ಪಟ್ಟಣದ ಬಳಿಯ ಕಾನೊ ಬಯಲಿನಲ್ಲಿ ಮಳೆ ಹಿಡಿದರೆ ಬಾಗಿಲು ಮುಚ್ಚುವುದಿಲ್ಲ, ಬಿಸಿಲು ಬಿದ್ದರೆ ಗೋಡೆ ಬಾಯಿ ಬಿಡುತ್ತದೆ. ಬೈಗುಳವೆಲ್ಲ ಮೇಸ್ತ್ರಿಗೆ. ಕೆಳಗಿನ ಎರೆಮಣ್ಣನ್ನು ಯಾರೂ ಕೇಳುವುದಿಲ್ಲ.

ಕುಂಬಾರಗಿತ್ತಿ ಅಕುಮುವಿನ ಮಗ ಒಡೆರೊ ಹೊಸ ಮನೆಗೆ ಜಾಗ ಗುರುತಿಸಿದ್ದ. ಅವರ ಪದ್ಧತಿಯಲ್ಲಿ ಹೊಸ ಮನೆಯ ಒಲೆಗೆ ಬೆಂಕಿ ಹೊತ್ತಿಸಿದ ಮೇಲೆ ಜಾಗ ಬದಲಿಸುವಂತಿಲ್ಲ. ಮನೆ ಬಿರಿದರೂ ಅಲ್ಲೇ ಬಾಳಬೇಕು. ಅಕುಮುವಿಗೆ ಚಿಂತೆಯೇ ಇರಲಿಲ್ಲ. ಆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿದ್ದಳು. ಎಲ್ಲೂ ತುಂಡಾಗದೆ ದಾರದಂತೆ ಬಂದಿತ್ತು. ಕುಂಬಾರರಿಗೆ ಅದೇ ಒಳ್ಳೆಯ ಮಣ್ಣಿನ ಗುರುತು.

ಅಕುಮುವಿನ ತಂಗಿಯ ಮಗಳು ಅಪೊಂಡಿ ಕಿಸುಮುವಿನ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅವಳು ಪರೀಕ್ಷೆಗೆಂದು ಆ ಜಾಗದ ಒಂದು ಚೀಲ ಮಣ್ಣು ಕೇಳಿದಾಗ ಅಕುಮು ನಕ್ಕುಬಿಟ್ಟಳು.

“ನನ್ನ ಕೈಗಿಂತ ದೊಡ್ಡ ಯಂತ್ರ ಇದ್ಯೇನೆ ನಿನ್ಹತ್ರ?”

“ನಿನ್ನ ಕೈಗೆ ನಾನೇ ಕೈ ಮುಗೀತೀನಿ ದೊಡ್ಡಮ್ಮ. ನೀನೂ ಬಂದು ನೋಡು.”

ಕೇಂದ್ರದಲ್ಲಿ ಅಕುಮುವಿನ ಎದುರೇ ಅಪೊಂಡಿ ಜರಡಿ ಹಿಡಿದ ಮಣ್ಣಿಗೆ ನೀರು ಬೆರೆಸಿ ಬಟ್ಟಲಿಗೆ ತುಂಬಿದಳು. ಚೂಪು ತುದಿಯ ಲೋಹದ ಶಂಕುವನ್ನು ಮೇಲಿಂದ ಬಿಟ್ಟು, ಎಷ್ಟು ಇಳಿಯಿತೆಂದು ಅಳೆದಳು. ನೀರು ಹೆಚ್ಚಿಸುತ್ತ ಮತ್ತೆ ಮತ್ತೆ ಬಿಟ್ಟಳು. ಆಮೇಲೆ ಬೇರೆ ಉಂಡೆಯನ್ನು ಗಾಜಿನ ಮೇಲೆ ಸಣ್ಣ ಎಳೆಯಾಗಿ ಹೊಸೆದಳು.

“ಇದನ್ನ ನಾನೂ ಮಾಡಿದ್ನಲ್ಲೇ!”

“ತುಂಡಾಗಲ್ಲ ಅಂತ ನೀನು ಖುಷಿಪಟ್ಟೆ. ನಾನು ನೀರಾರಿ ತುಂಡಾಗೋವರೆಗೂ ಹೊಸೀತೀನಿ. ಎಷ್ಟು ನೀರಿಗೆ ಮುರಿಯುತ್ತೆ ಅಂತ ಈ ಎಳೆ ಹೇಳುತ್ತೆ, ಎಷ್ಟು ನೀರಿಗೆ ಗಂಜಿ ಥರ ಹರಿಯುತ್ತೆ ಅಂತ ಆ ಶಂಕು ಹೇಳುತ್ತೆ, ಎರಡನ್ನೂ ನೋಡ್ಬೇಕು. ನಡುವಿನ ಅಂತರ ದೊಡ್ಡದಾದಷ್ಟೂ ಮಣ್ಣು ಉಬ್ಬೋದು, ಕುಗ್ಗೋದು ಜಾಸ್ತಿ. ನಿಮ್ಮದರಲ್ಲಿ ತುಂಬಾ ದೊಡ್ಡದು.”

“ಸುಮ್ನೆ ಹೆದರಿಸ್ಬೇಡ.”

“ಮಡಕೆನ ಬೇಕಾದ್ದಕ್ಕಿಂತ ದೊಡ್ಡದಾಗಿ ಯಾಕೆ ಮಾಡ್ತೀಯ?”

“ಒಣಗಿದ್ರೆ ಕುಗ್ಗುತ್ತಲ್ಲ...” ಅಕುಮು ಗಾಜಿನ ಮೇಲಿನ ಎಳೆಯತ್ತ ಬಾಗಿದಳು. “ಅಯ್ಯೋ, ಮಡಕೆನಾದ್ರೆ ಸುಡ್ತೀನಿ. ಮನೆ ಕೆಳಗಿನ ನೆಲಾನ ಯಾರು ಸುಡ್ತಾರೆ? ಹಾಗಾದ್ರೆ ನನ್ನ ಮಗ ಮನೆ ಕಟ್ಟೋದೇ ಬೇಡ್ವೇ?”

“ಕಟ್ಟಲಿ. ನಮ್ಮ ಕೇಂದ್ರದ ಇಂಜಿನಿಯರ್ ಹೇಳಿದಷ್ಟು ಎರೆಮಣ್ಣು ತೆಗೆಸಿ, ನೀರಿಗೆ ಉಬ್ಬದ ಗರಸುಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ದಮ್ಮಸು ಮಾಡಿಸಲಿ. ಗೋಡೆ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳಲಿ.”

ಒಡೆರೊ ಹಾಗೆಯೇ ಮಾಡಿಸಿದ. ಆಮೇಲೆ ದೊಡ್ಡ ಮಳೆ ಬಂತು, ಬಿರುಬಿಸಿಲೂ ಬಂತು. ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತಿತ್ತು. ಅಪೊಂಡಿ ಊಟಕ್ಕೆ ಬಂದಾಗ ಅಕುಮು ಅವಳ ಮಡಿಲಿಗೆ ಹೊಸ ನೀರಿನ ಗಡಿಗೆ ಇಟ್ಟಳು.

“ಪಾಯದಿಂದ ತೆಗೆದ ಮಣ್ಣೇ ಇದು. ನೀನು ನನ್ನ ಮಗನ ಒಲೆ ಉಳಿಸಿದೆ ಕಣೇ, ನಿನ್ನ ಹೊಟ್ಟೆ ತಣ್ಣಗಿರಲಿ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮದೂ ಎರೆನೆಲವೇ? ಪಾಯ ತೋಡುವ ಮುನ್ನ ಮಣ್ಣನ್ನು ಪರೀಕ್ಷೆಗೆ ಕೊಡಿ. ಗೋಡೆ ಬಿರಿದ ಮೇಲೆ ಮೇಸ್ತ್ರಿಯನ್ನು ಬೈದರೆ ಬಾಗಿಲು ಮುಚ್ಚುವುದಿಲ್ಲ.