ಒಂದು ತಿಂಗಳು ಕಡಿಮೆ

ಸತ್ಯವ್ವ ಸುಳ್ಳುಗಾತಿಯಲ್ಲ. ಆದರೆ ಬಸುರಿಯ ತಿಂಗಳನ್ನು ಮಾತ್ರ ಯಾರಿಗೂ ಸರಿಯಾಗಿ ಹೇಳಿದವಳಲ್ಲ. ಯಾರೇ ಕೇಳಲಿ, ಒಂದು ತಿಂಗಳು ಕಳೆದೇ ಹೇಳುವುದು. ಕೆಟ್ಟ ಕಣ್ಣಿಗೆ ಲೆಕ್ಕ ತಪ್ಪಿದರೆ ದಿಟ್ಟಿ ತಾಗುವುದಿಲ್ಲವಂತೆ! ಬಾಗಲಕೋಟೆಯಿಂದ ಗೋವಾದ ಫೋಂಡಾಕ್ಕೆ ಬರುವಾಗ ಈ ಬುದ್ಧಿವಂತಿಕೆಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದಳು. ಓಣಿಯವರಿಗೆ ಹೇಳಿದರೆ ಹೇಳಲಿ, ಯಾರ ಗಂಟೇನು ಹೋಗುತ್ತದೆ? ಆಸ್ಪತ್ರೆಯಲ್ಲೂ ಹಾಗೇ ಹೇಳಿಬಿಟ್ಟಳು.

ಸೊಸೆ ನಂದಾ ಮಳೆಗಾಲವೆಲ್ಲ ಊರಲ್ಲಿದ್ದು ಬಂದದ್ದರಿಂದ ಸ್ಕ್ಯಾನಿಂಗ್ ಆಗಿದ್ದೇ ಇದು ಮೊದಲ ಸಲ. ಬೆಳಗಾವಿ ಕಡೆಯ ನರ್ಸ್ ಸುಮಲತಾ, "ಎಷ್ಟರಾಗ ಅದಾಳ್ರಿ?" ಎಂದು ಕೇಳಿದಾಗ ನಂದಾ ಬಾಯಿ ತೆರೆಯುವುದರೊಳಗೆ ಅತ್ತೆ, "ಏಳು ನಡದೈತ್ರಿ" ಎಂದಳು. ಹಿರಿಯರ ಮಾತಿನ ಮೇಲೆ ಮಾತೇಕೆ ಎಂದು ನಂದಾ ಸುಮ್ಮನಾದಳು.

ಒಳಗೆ ಡಾಕ್ಟರಮ್ಮ, ಅಲ್ಲಿಯವರು ಕರೆಯುವಂತೆ 'ಡಾಕ್ಟರ್ ಬಾಯಿ', ನಂದಾಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಮಗುವಿನ ತಲೆ, ಹೊಟ್ಟೆ, ತೊಡೆಯ ಎಲುಬು ಒಂದೊಂದನ್ನೇ ಪರದೆಯ ಮೇಲೆ ಅಳೆದರು. "ಏಳನೇ ತಿಂಗಳಿಗೆ ಎಷ್ಟಿರಬೇಕೋ ಅಷ್ಟಿದೆ. ಮುಂದಿನ ತಿಂಗಳು ಬಾ" ಎಂದು ಕೊಂಕಣಿಯಲ್ಲಿ ಹೇಳಿದರು.

ನಂದಾ ಬೆರಳು ಮಡಚಿ ಮತ್ತೊಮ್ಮೆ ತಿಂಗಳು ಎಣಿಸಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಅತ್ತೆಯ ಪಕ್ಕ ಕುಳಿತು, ಡಾಕ್ಟರ್ ಹೇಳಿದ್ದನ್ನು ಹೇಳಿದಳು.

"ನೋಡ, ಎಲ್ಲಾ ಚಲೋ ಐತಿ" ಎಂದು ಸತ್ಯವ್ವ ಚೀಲ ಎತ್ತಿಕೊಂಡಳು.

"ಅತ್ತಿ, ನನಗ ಎಂಟು ಮುಗಿಯಾಕ ಬಂದೈತ್ರಿ. ಕೂಸು ಏಳರಷ್ಟ ಐತಿ ಅಂದ್ರ ಒಂದ ತಿಂಗಳ ಬೆಳವಣಿಗಿ ಎಲ್ಲಿ ಹೋತು?"

"ಮೆಲ್ಲಕ ಮಾತಾಡ. ಇಷ್ಟ ಮಂದಿ ಕುಂತಾರ. ಕೂಸು ಸಣ್ಣದಿದ್ರ ಹಡಿಯೂದು ಹಗುರ."

"ನನಗ ಹಗುರ ಬ್ಯಾಡ್ರಿ. ಕೂಸು ಬೇಕು."

"ಮಾಂತೇಶಗ ಫೋನ್ ಮಾಡತೀನಿ ನೋಡ!" ನಂದಾಳ ಗಂಡ ಕಲಂಗುಟ್‌ನಲ್ಲಿ ಹೋಟೆಲ್ ಕಟ್ಟಡದ ಕೆಲಸದಲ್ಲಿದ್ದ. ಸೊಸೆಯನ್ನು ಹೆದರಿಸಲು ಸತ್ಯವ್ವನ ಹತ್ತಿರ ಇದ್ದದ್ದು ಅದೊಂದೇ ಅಸ್ತ್ರ.

"ಮಾಡ್ರಿ. ಅವರೂ ಬರ್ಲಿ" ಎಂದವಳೇ ನಂದಾ ಎದ್ದಳು. ಸತ್ಯವ್ವ ಸೆರಗು ಹಿಡಿದಳು. ನಂದಾ ಬಿಡಿಸಿಕೊಂಡು ಮತ್ತೆ ಒಳಗೆ ಹೋದಳು. ಮದುವೆಯಾದ ಮೇಲೆ ಅತ್ತೆಯ ಕೈ ಕೊಡವಿದ್ದು ಇದೇ ಮೊದಲು, ಅದಕ್ಕೆ ಪಶ್ಚಾತ್ತಾಪವೇನೂ ಆಗಲಿಲ್ಲ.

ಒಳಗೆ ಬೇರೊಬ್ಬಳು ಮಲಗಲು ಸಿದ್ಧಳಾಗಿದ್ದಳು. ಡಾಕ್ಟರ್ ಬಾಯಿ ಹುಬ್ಬು ಗಂಟಿಕ್ಕಿದರು. ನಂದಾ ಎಂಟು ಬೆರಳು ಎತ್ತಿ ತೋರಿಸಿ, "ಆಠ, ಬಾಯಿ. ಸಾತ ನ್ಹಯ್" ಎಂದಳು. ಏಳಲ್ಲ, ಎಂಟು. ಕೊನೆಯ ಮುಟ್ಟು ಉಗಾದಿಗೆ, ಅದು ಚೆನ್ನಾಗಿ ನೆನಪಿದೆ ಎಂದಳು.

ಯಾರ ಲೆಕ್ಕ ನಿಜವೆಂದು ತಿಳಿಯಲು ಡಾಕ್ಟರ್ ಬಾಯಿ ತಡಮಾಡದೆ ಸತ್ಯವ್ವನನ್ನು ಒಳಗೆ ಕರೆಸಿದರು. ಸುಮಲತಾ ಚತುರೆ, ತಿಂಗಳ ಮಾತೇ ಎತ್ತಲಿಲ್ಲ.

"ಯವ್ವಾ, ಈ ಉಗಾದಿಗಿ ನಿಮ್ಮ ಮನ್ಯಾಗ ಹೋಳಗಿ ಯಾರ ಮಾಡಿದ್ರಿ?"

"ನಾನ ಮಾಡಿದ್ನೆವಾ, ಮತ್ತ್ಯಾರು? ಈಕಿ ಮುಟ್ಟಾಗಿ ಮೂಲ್ಯಾಗ ಕುಂತಿದ್ಲಲ್ಲ..."

ಅಷ್ಟಕ್ಕೇ ಸತ್ಯವ್ವ ತುಟಿ ಕಚ್ಚಿಕೊಂಡಳು.

ಮತ್ತೆ ಜೆಲ್, ಮತ್ತೆ ಅಳತೆ. ಈ ಸಲ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದನ್ನೂ ನೋಡಿದರು. ಅಂಕಿಗಳು ಅವೇ, ಅರ್ಥ ಬೇರೆ. ಎಂಟರ ಲೆಕ್ಕಕ್ಕೆ ಮಗು ತೀರ ಸಣ್ಣದು, ಹೊಟ್ಟೆಯ ಸುತ್ತಳತೆಯಂತೂ ಬಹಳ ಹಿಂದೆ. ಬಳ್ಳಿಯಿಂದ ಅದಕ್ಕೆ ಸಾಕಷ್ಟು ಪೋಷಣೆ ಸಿಗುತ್ತಿಲ್ಲ. "ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಒಳಗೇ ಹೋಗಿಬಿಡುತ್ತಿತ್ತೋ ಏನೋ. ಇವತ್ತೇ ಅಡ್ಮಿಟ್ ಆಗು" ಎಂದರು.

ಸುಮಲತಾ ಅದನ್ನು ಕನ್ನಡದಲ್ಲಿ ಹೇಳಿದಾಗ ಸತ್ಯವ್ವ ಗೋಡೆಗೆ ಒರಗಿ ಕುಸಿದಳು. "ಕಣ್ಣು ತಪ್ಪಸಾಕ ಹೋಗಿ ನಾನ ಕಣ್ಣಾದ್ನೆಲ್ಲವಾ" ಎಂದು ಅತ್ತಳು. ನಂದಾಗೆ ಸಿಟ್ಟಿತ್ತು, ಆದರೂ ಕೈ ಹಿಡಿದು ಎಬ್ಬಿಸಿದಳು.

ದಿನಾ ನೋಡುತ್ತಾ, ಇನ್ನು ಒಳಗಿಡುವುದು ಒಳ್ಳೆಯದಲ್ಲ ಎನಿಸಿದಾಗ ಡಾಕ್ಟರ್ ಬಾಯಿ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಅಂಗೈಯಗಲದ ಬೆನ್ನು, ಆದರೆ ಅಳು ಮಾತ್ರ ವಾರ್ಡಿಗೆಲ್ಲ ಕೇಳುವಂತಿತ್ತು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಹಾಲು ಚೀಪಲು ಕಲಿತು, ಮನೆಗೆ ಬಂತು.

ಓಣಿಯ ರೂಪಿಬಾಯಿ ಬಾಗಿಲಲ್ಲೇ ನಿಂತು, "ಹುಟ್ಟಿದಾಗ ಎಷ್ಟ ತೂಕಿತ್ತು?" ಎಂದು ಕೇಳಿದಳು. ನಂದಾ ಅತ್ತೆಯ ಮುಖ ನೋಡಿದಳು.

"ಒಂದು ಕಿಲೋ ಏಳನೂರಾ ನಲವತ್ತು ಗ್ರಾಮ" ಎಂದಳು ಸತ್ಯವ್ವ, ಓಣಿಗೆಲ್ಲ ಕೇಳುವಂತೆ. "ಇವತ್ತ ಎರಡು ಕಿಲೋ ಮ್ಯಾಲ ಹತ್ತು."

"ಅಯ್ಯ, ದಿಟ್ಟಿ ಆದೀತಬೇ! ಇಷ್ಟ ಬಿಚ್ಚಿ ಹೇಳತೀಯಲ್ಲ?"

"ಆದ್ರ ಆಗ್ಲಿ, ನಿವಾಳಿಸಿ ಒಗಿತೀನಿ. ಲೆಕ್ಕ ತಪ್ಪಬಾರದು."